ಗೆದ್ದವಳಿಗೆ ಸಾಂತ್ವನ

ರಾಷ್ಟ್ರೀಯ ತಂಡವು ಅಂತಾರಾಷ್ಟ್ರೀಯ ಕ್ರೀಡಾಕೂಟದಲ್ಲಿ ವೀರೋಚಿತವಾಗಿ ಸೋತಿದೆ ಎಂಬ ಪ್ರಕಟಣೆಗೆ, ತಂಡ ವಿಮಾನ ಹತ್ತುವ ಮುನ್ನವೇ ಸಕ್ಷಮ ಪ್ರಾಧಿಕಾರದ ಅನುಮೋದನೆ ದೊರೆತಿತ್ತು.

ಆದ್ದರಿಂದ ವೇಗನಡಿಗೆ ಸ್ಪರ್ಧೆಯಲ್ಲಿ ಟೈಲರ್ ಮಗಳು ಮೊದಲಿಗಳಾಗಿ ಗೆರೆ ದಾಟಿದಾಗ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ತಂಡದವರು ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಹಿಮ್ಮಡಿಯ ಬೊಬ್ಬೆ ಒಡೆದು ಬೂಟಿನೊಳಗೆ ರಕ್ತ ಪಿಚಪಿಚ ಎನ್ನುತ್ತಿದ್ದರೂ ಅವಳ ಮುಖವೆಲ್ಲ ನಗೆ. ನಿಯೋಗದ ಮುಖ್ಯಸ್ಥರು ಏದುಸಿರು ಬಿಡುತ್ತ ಓಡಿಬಂದರು. ಇಡೀ ಕೂಟದಲ್ಲಿ ಅವರು ಓಡಿದ್ದು ಅದೊಂದೇ ಸಲ.

“ಏನಮ್ಮಾ ಇದು! ಹಿಂದೆ ಬರ್ತಿದ್ದವರಿಗೆ ಸ್ವಲ್ಪ ದಾರಿ ಬಿಡೋಕೆ ಏನಾಗಿತ್ತು?”

“ನಾನು ಹಿಂದೆ ತಿರುಗಿ ನೋಡ್ಲೇ ಇಲ್ಲ ಸಾರ್.”

“ಅದೇ ತಪ್ಪು. ಮೇಲಿನವರನ್ನ ಒಂದು ಮಾತು ಕೇಳ್ಬೇಕು ತಾನೇ?”

ಪದಕ ಪ್ರದಾನಕ್ಕೆ ರಾಷ್ಟ್ರಗೀತೆಯ ಧ್ವನಿಮುದ್ರಿಕೆ ಕೊಡಿ ಎಂದರು ಸಂಘಟಕರು. ಅದನ್ನು ಯಾರೂ ತಂದಿರಲಿಲ್ಲ. ಮುಖ್ಯಸ್ಥರೇ ಮೈಕಿನ ಮುಂದೆ ನಿಂತರು. ಎರಡನೇ ಸಾಲು ಮರೆತುಹೋಗಿ, ಮೊದಲನೆಯದನ್ನೇ ಮತ್ತೆ ಮತ್ತೆ, ಸಲದಿಂದ ಸಲಕ್ಕೆ ಹೆಚ್ಚು ಭಕ್ತಿಯಿಂದ ಹಾಡಿದರು. ಗಿರಗಿಟ್ಲೆ ಅತ್ತುಬಿಟ್ಟಳು. ಸಂತೋಷಕ್ಕೋ ಶ್ರುತಿಗೋ, ಅವಳಿಗೇ ತಿಳಿಯಲಿಲ್ಲ.

ಪ್ರಕಟಣೆಯನ್ನು ತಿದ್ದುವ ಬಗ್ಗೆ ಇಲಾಖೆ ಗಂಭೀರವಾಗಿ ಚಿಂತಿಸಿತು. ಆದರೆ ಅನುಮೋದಿತ ಸೋಲನ್ನು ರದ್ದುಪಡಿಸಲು ನಿಯಮಾನುಸಾರ ಸೋತವರ ಒಪ್ಪಿಗೆ ಅಗತ್ಯ. ಗೆದ್ದವಳು ಸೋತವಳಲ್ಲವಾದ್ದರಿಂದ ಅವಳ ಒಪ್ಪಿಗೆ ಊರ್ಜಿತವಾಗುವಂತಿರಲಿಲ್ಲ. ಹೀಗಾಗಿ ಸಾಂತ್ವನ ಸಮಾರಂಭವು ನಿಗದಿಯಂತೆ ಜರುಗಿತು.

ಕೊರಳಲ್ಲಿ ಚಿನ್ನದ ಪದಕ ತೂಗುತ್ತಿದ್ದ ಗಿರಗಿಟ್ಲೆಯ ಭುಜ ತಟ್ಟಿ ಮಂತ್ರಿಗಳು, “ಸೋಲೇ ಗೆಲುವಿನ ಸೋಪಾನ” ಎಂದರು.

“ಸಾರ್, ನಾನು ಗೆದ್ದಿದ್ದೀನಿ.”

ಮಂತ್ರಿಗಳ ಕಣ್ಣು ತುಂಬಿ ಬಂತು. “ನೋಡಿ, ಪಾಪ! ಮಗು ಇನ್ನೂ ಸೋಲನ್ನ ಅರಗಿಸಿಕೊಂಡಿಲ್ಲ.”

ಸಭೆ ಲೊಚಗುಟ್ಟಿತು.

ಮನೆಯಲ್ಲಿ ಅಮ್ಮ ಪದಕವನ್ನು ತಿರುವಿ ತಿರುವಿ ನೋಡಿದಳು. “ಗೆದ್ದೆ ಅಂತ ನೀನು ಹೇಳ್ತೀಯ, ಸೋತಳು ಅಂತ ಟಿವಿ ಹೇಳುತ್ತೆ. ಅವರಿಗೇನೇ ಸುಳ್ಳು ಹೇಳೋ ದರ್ದು?”

“ಅಪ್ಪಾ, ನೀನಾದ್ರೂ ನಂಬು.”

ಅಪ್ಪ ಹೊಲಿಗೆ ಯಂತ್ರದಿಂದ ತಲೆಯೆತ್ತಿ ದನಿ ತಗ್ಗಿಸಿದ. “ನಂಬ್ತೀನಿ ಕಣೇ. ಆದ್ರೆ ಬೀದಿಯವರೆಲ್ಲ ಸಮಾಧಾನ ಹೇಳೋಕೆ ಬಂದು ಕೂತಿದ್ದಾರೆ. ಈಗ ಗೆದ್ದೆ ಅಂದ್ರೆ ಅವರ ಮುಖಕ್ಕೆ ಹೊಡೆದ ಹಾಗಾಗಲ್ವಾ?”

ಅದೂ ನಿಜವೆನ್ನಿಸಿತು. ಅವಳು ಹೊರಗೆ ಹೋಗಿ, ಬಂದವರಿಗೆಲ್ಲ ಕೈಮುಗಿದು, ಸಪ್ಪೆ ಮುಖ ಮಾಡಿಕೊಂಡು ಕೂತಳು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ತರಬೇತುದಾರರು, “ಆಗಿದ್ದು ಆಗಿಹೋಯ್ತು. ಮುಂದಿನ ಸಲ ಹೇಗಾದ್ರೂ ಮಾಡಿ ಚಿನ್ನ ತರಬೇಕಮ್ಮ” ಎಂದರು.

“ಪ್ರಯತ್ನ ಮಾಡ್ತೀನಿ ಸಾರ್” ಎಂದು ಗಿರಗಿಟ್ಲೆ, ನಡೆಯುವಾಗ ಎದೆಗೆ ಬಡಿಯದಂತೆ ಪದಕವನ್ನು ಅಂಗಿಯೊಳಕ್ಕೆ ಸೇರಿಸಿಕೊಂಡಳು.