ಚಪ್ಪಲಿ ಬಿಟ್ಟ ವಿಮಾನ

ನಮ್ಮ ಸೋದರಮಾವ ವಿಮಾನ ಹಾರಿಸಬಲ್ಲರು ಎಂದರೆ ನೀವು ನಂಬಲಿಕ್ಕಿಲ್ಲ. ಇಳಿಸಬಲ್ಲರು ಎಂದರೆ ನಾನೂ ನಂಬುವುದಿಲ್ಲ!

ಗಾಬರಿಯಾಗಬೇಡಿ. ಅದು ಬಗಲಲ್ಲಿ ಹಿಡಿದು ಒಯ್ಯುವಷ್ಟು ಚಿಕ್ಕ ವಿಮಾನ. ಕೈಯಲ್ಲಿ ಹಿಡಿದ ರೇಡಿಯೋ ಡಬ್ಬಿಯ ಕಡ್ಡಿ ಅಲ್ಲಾಡಿಸಿದರೆ ಹೇಳಿದಂತೆ ಕೇಳುತ್ತಿತ್ತು. ಊರಿಗೆ ಟೀವಿ ಹೊಸದಾಗಿ ಬಂದ ಕಾಲ. ಜೇವರ್ಗಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮಾವ, ಸಾಮಾನೆಲ್ಲ ಮುಂಬಯಿಯಿಂದ ತರಿಸಿ, ವರ್ಷವಿಡೀ ಕೂತು ಅದನ್ನು ಜೋಡಿಸಿದ್ದರು. ಹಾರುವಾಗ ಥೇಟ್ ಹದ್ದು. ಇಳಿಯುವಾಗ? ಒಮ್ಮೆ ಜಾಲಿಗಿಡ, ಒಮ್ಮೆ ಬಣವೆ, ಒಮ್ಮೆ ಗೌಡರ ಎಮ್ಮೆಯ ಬೆನ್ನು!

"ಇನ್ನೊಮ್ಮೆ ಮುರದ್ರ ಒಲಿಗೆ ಹಾಕ್ತೇನಿ ನೋಡ್ರಿ," ಎಂದರು ಅತ್ತೆ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡಿರ ಜಗಳಕ್ಕೆ ಇದ್ದದ್ದು ಅದೊಂದೇ ಕಾರಣ.

ತಪ್ಪೆಲ್ಲ ನೆಲದ್ದು ಎಂದು ಮಾವನ ವಾದ. ಬೇಸಿಗೆಯ ಎರೆಹೊಲದಲ್ಲಿ ಕಾಲು ಹೂತುಹೋಗುವಷ್ಟು ಬಿರುಕು. ಪಾಪ, ವಿಮಾನವಾದರೂ ಎಲ್ಲಿ ಇಳಿಯಬೇಕು? ಹತ್ತಿರದ ಕೊಳಕೂರಿನ ಅವರ ಹೊಲದಲ್ಲಿ ಸಪಾಟು ಜಾಗವೆಂದರೆ ಸೆಗಣಿ ಸಾರಿಸಿದ ಜೋಳದ ಕಣ ಮಾತ್ರ. ಅಲ್ಲೇ ಇಳಿಸುತ್ತೇನೆಂದು ಮಾವ ವಿಮಾನ ತಂದರೆ ಅತ್ತೆ ಅಡ್ಡ ನಿಂತರು.

"ಏನ್ ಮಾಡಾಕತ್ತೀರಿ? ಕಣದಾಗ ಚಪ್ಪಲಿ ನಡಿಯಂಗಿಲ್ರಿ."

"ವಿಮಾನಕ್ಕ ಎಲ್ಲಿ ಚಪ್ಪಲಿ ಅದಾವ?"

"ಆ ರಬ್ಬರ್ ಗಾಲಿ ಮತ್ತೇನ್ರಿ? ಎಮ್ಮಿ ಮ್ಯಾಲೆ ಹತ್ತಿ ಬಂದಾವ!"

ಮಾವ ಅಲ್ಲೇ ಕೂತು ಗಾಲಿ ಬಿಚ್ಚಿದರು. ಇನ್ನು ಅದು ಹೊಟ್ಟೆಯ ಮೇಲೇ ಇಳಿಯಬೇಕು, ಆದ್ದರಿಂದ ವೇಗ ಪೂರಾ ಇಳಿದಿರಬೇಕು. ನಾನು ಅದನ್ನು ಕೈಯಿಂದಲೇ ಹಾರಿಸಿಬಿಟ್ಟೆ.

"ಗಾಳಿಗೆ ಎದುರು ತರಬೇಕು. ಇಂಜಿನ್ ಬಂದ್ ಮಾಡಬೇಕು. ನೆಲ ಮುಟ್ಟೂಮುಂದ ಮೂಗು ಜರಾ ಎತ್ತಬೇಕು," ಎಂದು ಮಾವ ಪಾಠ ಹೇಳುತ್ತಲೇ ಇಳಿಸತೊಡಗಿದರು. ಇಂಜಿನ್ ಸುಮ್ಮನಾಯಿತು. ತುಂಬಿದ ಕೊಡ ಹೊತ್ತವರ ಹಾಗೆ ವಿಮಾನ ಹುಷಾರಾಗಿ ಬರುತ್ತಿತ್ತು. ಇನ್ನೇನು ಇಳಿಯಿತು ಅನ್ನುವಾಗ ಅದನ್ನು ಎತ್ತಿ ಹಿಡಿದಿದ್ದ ಎದುರುಗಾಳಿ ಥಟ್ಟನೆ ನಿಂತುಬಿಟ್ಟಿತು! ವಿಮಾನ ಕುಸಿದು, ಕಣದ ಅಂಚಿನಲ್ಲಿದ್ದ ತೆನೆ ಒಕ್ಕಿ ರಾಶಿ ಮಾಡುವ ಗುಂಡುಕಲ್ಲಿನತ್ತ ಬಂತು.

ಓಡಿದವರು ಯಾರು? ಅತ್ತೆ! ಸೆರಗೊಡ್ಡಿ ಅದನ್ನು ಹಿಡಿದು, ಕಲ್ಲಿಗೆ ತಾವೇ ಬಡಿದುಕೊಂಡು ಬಿದ್ದರು. ರೆಕ್ಕೆ ಲಟಕ್ಕೆಂದಿತು.

ಮಾವ ಡಬ್ಬಿ ಬಿಸುಟು ಓಡಿದರು. ಅತ್ತೆಯ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಮಾವ ಹೆಗಲ ಟವೆಲ್ಲು ಹರಿದು ಗಾಯಕ್ಕೆ ಕಟ್ಟತೊಡಗಿದರು.

"ನನಗೇನೂ ಆಗಿಲ್ರಿ," ಅತ್ತೆ ಗದರಿದರು. "ಮೊದಲ ಅದನ್ನ ನೋಡ್ರಿ, ರೆಕ್ಕಿ ಮುರದೈತಿ."

ಮಾವ ವಿಮಾನದತ್ತ ತಿರುಗಿಯೂ ನೋಡಲಿಲ್ಲ.