ಮಾವನ ಕಾರಿನ ಕೆಂಪು ಗೆರೆ

ತಣ್ಣೀರಿಗೂ ಜ್ವರ ಬಂದಿದೆ ಎಂದು ಸಾಧಿಸಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ, ಅವರು ನನ್ನ ಸೋದರಮಾವ! ಆ ದಿನಗಳಲ್ಲಿ ಅವರನ್ನು ನೆನೆಸಿಕೊಂಡರೇ ಮೈಯೆಲ್ಲ ಉರಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಬ್ಬರಿ ವ್ಯಾಪಾರ ಕೈಹಿಡಿದಾಗ, ಅವರೊಂದು ಹಳೆಯ ಕಾರು ಕೊಂಡರು. ಅದರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಒಂದು ಮೀಟರು. ಕಾರು ಶುರು ಮಾಡುವುದೇ ತಡ, ಅದರ ಮುಳ್ಳು ನೆಗೆದು ಕೆಂಪು ಗೆರೆಯ ಮೇಲೆ ಕೂರುತ್ತಿತ್ತು.

ನಾಲ್ಕು ಮೈಲಿಗೊಂದು ಸಲ ಮಾವ ಗಾಡಿ ನಿಲ್ಲಿಸುತ್ತಿದ್ದರು. "ಕಾದೈತೆ ಕಣವ್ವ, ಒಸಿ ಆರ್ಲಿ" ಎಂದು ಬಾನೆಟ್ ಎತ್ತಿ, ಒಳಗೆ ತಲೆ ಹಾಕಿ ನಿಂತರೆ ಮುಗಿಯಿತು! ನಮ್ಮತ್ತೆಗೋ ಅಷ್ಟರಲ್ಲಿ ತೋಟ ನೋಡುವ ಹುಚ್ಚು. ತಮ್ಮದೇ ಇನ್ನೂರು ತೆಂಗಿನ ಮರ ಇದ್ದವರಿಗೆ ಕಂಡವರ ತೋಟದಲ್ಲಿ ಏನು ಕೆಲಸ, ಹೇಳಿ! ಅವರು ನಿಧಾನವಾಗಿ ಬಂದು ಕೂತ ಮೇಲೆ ಮಾವನಿಗೆ ಗಾಡಿ ಆರಿದ್ದು ಗೊತ್ತಾಗುತ್ತಿತ್ತು. ಒಬ್ಬರೇ ಹೋಗುವುದಾದರೆ ಕಾರು ಮುಟ್ಟುತ್ತಲೇ ಇರಲಿಲ್ಲ, ಬಸ್ಸು ಹತ್ತುತ್ತಿದ್ದರು. ಇಂಥ ಮನುಷ್ಯನಿಗೆ ಏನನ್ನಬೇಕು?

ನನ್ನ ನಿಶ್ಚಿತಾರ್ಥಕ್ಕೆ ಶೆಟ್ಟಿಕೆರೆಯಿಂದ ತಿಪಟೂರಿಗೆ ಹೋದದ್ದು ಈ ಕಾರಿನಲ್ಲೇ. ತಲುಪಿದಾಗ ಒಂದು ಗಂಟೆ ತಡ. ಹುಡುಗನ ದೊಡ್ಡಪ್ಪ ಎಲ್ಲರ ಮುಂದೆ, "ಏನ್ರೀ, ಹುಡುಗೀನ ಎತ್ತಿನ ಗಾಡೀಲಿ ಕರ್ಕಂಡ್ ಬಂದ್ರಾ? ಧಾರೆಗೂ ಹಿಂಗೇ ಮಾಡ್ಬುಟ್ಟೀರಾ, ಅವತ್ತು ಇರೋದು ಒಂದೇ ಮುಹೂರ್ತ" ಎಂದುಬಿಟ್ಟರು. ನಾನು ತಲೆ ತಗ್ಗಿಸಿ ಕೂತೆ. ಒಳಗೆ ಹಲ್ಲು ಕಡಿಯುತ್ತಿದ್ದೆ. ಬೇರೆ ಗಾಡಿ ಮಾಡೋಣವೆಂದರೆ ಸೋದರಮಾವನಿಲ್ಲದೆ ಮದುವೆಯಿಲ್ಲ, ಅತ್ತೆ ಜೊತೆಗಿದ್ದರೆ ಆ ಕಾರಿಲ್ಲದೆ ಸೋದರಮಾವ ಹೊರಡುವುದಿಲ್ಲ!

ಮದುವೆಗೆ ನಾಲ್ಕು ದಿನ ಇರುವಾಗ ಮಾವ ಬಸ್ಸಿನಲ್ಲಿ ತುರುವೇಕೆರೆಗೆ ಹೋದರು. ನಾನು ಮೆಕ್ಯಾನಿಕ್‌ನನ್ನು ಅವರ ಮನೆಗೇ ಕರೆಸಿದೆ. ಅವನು ರೇಡಿಯೇಟರಿನ ನೀರು ಸ್ವಲ್ಪ ಇಳಿಸಿ, ಎಂಜಿನ್ನಿನಿಂದ, ಬಿಸಿ ಅಳೆದು ಮುಳ್ಳನ್ನು ಆಡಿಸುವ, ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಸೆನ್ಸರ್ ಬಿಚ್ಚಿದ. ಅದಕ್ಕೆ ವೈರು ಸಿಕ್ಕಿಸಿ ತಣ್ಣೀರಿನ ಪಾತ್ರೆಯಲ್ಲಿ ಇಳಿಬಿಟ್ಟ. ಆಗಲೂ ಮುಳ್ಳು ಕೆಂಪಿನಲ್ಲೇ!

"ಇಂಜಿನ್ ಗುಂಡ್ಕಲ್ಲಿದ್ದಂಗೈತೆ ಕಣಕ್ಕ. ಸುಳ್ಳು ಹೇಳ್ತಿರೋದು ಇದು" ಎಂದ.

ಹೊಸ ಸೆನ್ಸರನ್ನು ಅದೇ ಪಾತ್ರೆಗೆ ಇಳಿಬಿಟ್ಟಾಗ ಮುಳ್ಳು ಕೆಳಗೇ ಇತ್ತು. ಬಿಸಿನೀರು ಹುಯ್ದ ಮೇಲೆ ನಿಧಾನವಾಗಿ ಏರಿತು. ಅದನ್ನೇ ಎಂಜಿನ್ನಿಗೆ ಕೂರಿಸಿ, ನೀರು ತುಂಬಿಸಿ ಹೋದ.

ಸಂಜೆ ಮಾವ ಬಂದು, ಕಾಯಿ ಕೊಬ್ಬರಿಯಾಗಿದೆಯೇ ಎಂದು ನೋಡುವ ಹಾಗೆ ಹಳೆಯ ಸೆನ್ಸರನ್ನು ಕಿವಿಯ ಬಳಿ ಅಲ್ಲಾಡಿಸಿದರು. "ಇದ್ಕೇನಾಗೈತೆ? ಚೆನ್ನಾಗೇ ಐತೆ. ವಾಪಸ್ ಹಾಕ್ಸವ್ವ" ಎಂದರು. ಮುಖ ಯಾಕೋ ಬಾಡಿತ್ತು.

"ಹಾಕ್ಸಲ್ಲ! ನನ್ ಮದ್ವೆ ನಿಲ್ಸ್ಬೇಕು ಅಂತಿದೀರಾ ಮಾವ?" ಎಂದು ಕೂಗಾಡಿದೆ. ಹಳೆಯದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಮದುವೆಯ ದಿನ ಮಾವ ಗಾಡಿ ಓಡಿಸುತ್ತಿದ್ದರು. ಹಿಂದೆ ನಾನು, ನನ್ನ ಪಕ್ಕದಲ್ಲಿ ಅತ್ತೆ. ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಕದಲಲಿಲ್ಲ. ನನಗೆ ಗೆದ್ದ ಖುಷಿ. ನಾಲ್ಕೈದು ಮೈಲಿಯಾಯಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಹಣೆಯ ಮೇಲೆಲ್ಲ ಬೆವರು. ನನ್ನನ್ನು ಕಳಿಸಿಕೊಡುವ ಸಂಕಟ ಅಂದುಕೊಂಡೆ. ಮಾವ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದವರು ಒಂದು ತೋಟದ ಪಕ್ಕ ಗಕ್ಕನೆ ಬ್ರೇಕ್ ಹಾಕಿದರು.

"ಟೈರ್ ನೋಡ್ಬೇಕು."

ಅತ್ತೆ ಇಳಿದು ಬಿರಬಿರನೆ ತೋಟಕ್ಕೆ ನಡೆದರು. ನಾನು ಧಾರೆ ಸೀರೆ ಎತ್ತಿಕೊಂಡು ಇಳಿದೆ. "ನಿಮಗೇನಾದ್ರೂ ಬುದ್ಧಿ ಇದ್ಯಾ ಮಾವ? ಮುಹೂರ್ತ ಮೀರಿ ಹೋಗತ್ತೆ!"

ಮಾವ ತೋಟಕ್ಕೆ ಬೆನ್ನು ಹಾಕಿ ನಿಂತಿದ್ದರು. "ಮೆಲ್ಲಗೆ ಮಾತಾಡವ್ವ, ಕೇಳುಸ್ಕಂತಾಳೆ. ಕೊನೇ ಹೆರಿಗೆ ಆದಾಗ್ನಿಂದ ನಿಮ್ಮತ್ತೆಗೆ ಮೂತ್ರ ತಡ್ಕಳಕ್ಕಾಗಲ್ಲ. ನಿಲ್ಸಿ ಅಂತ ಬಾಯ್ಬುಟ್ಟು ಕೇಳಲ್ಲ, ನಾಚ್ಕೆ. ಬಸ್ನಲ್ಲಿ ಏನ್ಮಾಡ್ತಾಳೆ? ಅದ್ಕೇ ಕಾರ್ ತಗಂಡಿದ್ದು. ಮುಳ್ಳು ಕೆಟ್ಟಿರೋದು ನಂಗೂ ಗೊತ್ತಿತ್ತು."

ಎಷ್ಟು ಬೈದಿದ್ದೆ! ಅತ್ತೆ ತಲೆ ತಗ್ಗಿಸಿಕೊಂಡು ಬಂದು, "ನನ್ನಿಂದ ತಡ ಆಯ್ತೇನವ್ವ?" ಎಂದರು.

"ಟೈರಿಂದ ಅತ್ತೆ" ಎಂದೆ.

ಗಾಡಿ ಮತ್ತೆ ಹೊರಟು ನಾಲ್ಕು ಮೈಲಿ ಕಳೆದಿರಬೇಕು, ತಿಪಟೂರು ಇನ್ನೂ ಮೂರು ಮೈಲಿ ಇತ್ತು. ಮುಹೂರ್ತಕ್ಕೆ ಅರ್ಧ ಗಂಟೆ. ನನ್ನ ಕೈ ಹಿಡಿದಿದ್ದ ಅತ್ತೆಯ ಬೆರಳು ಮತ್ತೆ ಬಿಗಿಯಾದವು. ಎದ್ದು ಮುಂದೆ ಬಗ್ಗಿ ನೋಡಿದೆ. ಮುಳ್ಳು ಅರ್ಧದಲ್ಲೇ ನಿಂತಿತ್ತು.

"ಥೂ, ಹೊಸ ಸೆನ್ಸರ್ ಹಾಕ್ಸಿದ್ರೂ ಅದೇ ಕತೆ!" ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕಿರುಚಿದೆ. "ಮುಳ್ಳು ಕೆಂಪಿಗೆ ಬಂತು ಮಾವ, ಮೊದ್ಲು ಗಾಡಿ ನಿಲ್ಸಿ!"