ಟಿಕ್ ಅನ್ನದ ಜೀಪು

ನಮ್ಮ ಸೋದರಮಾವನಿಗೆ ಡೀಸೆಲ್ ಇಂಜಿನ್ನಿನ ಬಗ್ಗೆ ಗೊತ್ತಿಲ್ಲದ ವಿಷಯ ಒಂದೇ ಒಂದು. ಅದನ್ನು ಸ್ಟಾರ್ಟ್ ಮಾಡುವುದು ಹೇಗೆ ಎಂಬುದು! ಮಿಕ್ಕಿದ್ದೆಲ್ಲ ಗೊತ್ತು. ಗುಬ್ಬಿಯ ಮನೆಯ ಮುಂದೆ ನಿಂತಿರುವ ಹಳೇ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿ ಅವರು ಮಾತಿಗೆ ಶುರುವಿಟ್ಟರೆ, ಕೇಳುತ್ತ ನಿಂತವರು ಒಳಗೆ ಹೋಗಿ ತಿಂಡಿ ತಿಂದು ಬಂದರೂ ಅವರಿಗೆ ಪತ್ತೆಯಾಗುವುದಿಲ್ಲ. ನಾನು ಎರಡು ಸಲ ತಿಂದು ಬಂದಿದ್ದೇನೆ.

ಡೀಸೆಲ್ ಇಂಜಿನ್ ತಣ್ಣಗಿದ್ದರೆ ಏಳುವುದಿಲ್ಲ, ಒಳಗೆ ಮೊದಲು ಸ್ವಲ್ಪ ಬಿಸಿಯಾಗಬೇಕು. ಅದಕ್ಕೆಂದೇ ನಾಲ್ಕು ಹೀಟರ್ ಪ್ಲಗ್ಗುಗಳಿರುತ್ತವೆ. ಕೀ ತಿರುಗಿಸಿದಾಗ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ 'ಟಿಕ್' ಅಂದು ಅವಕ್ಕೆ ಕರೆಂಟು ಕೊಡುತ್ತದೆ. ಇದಿಷ್ಟನ್ನೂ ನನಗೆ ಹೇಳಿಕೊಟ್ಟವರು ಮಾವನೇ, ನಾನು ಕೇಳದೇ ಇದ್ದಾಗ.

"ಟಿಕ್ ಅನ್ನಲಿಲ್ಲ ಅಂದ್ರೆ ರಿಲೇ ಹೋಗ್ಯದೆ ಅಂತ ಲೆಕ್ಕ ಕಣ್ಲಾ. ಬ್ಯಾರೆ ಏನೂ ನೋಡೋ ಹಂಗೇ ಇಲ್ಲ" ಎನ್ನುವುದು ಅವರ ಸಿದ್ಧಾಂತ.

ಹೀಗಾಗಿ ಜೀಪು ಹತ್ತಿದವರೆಲ್ಲ ಮೌನವ್ರತ ಹಿಡಿಯಬೇಕು. ಎದುರುಮನೆಯವರು ಮಿಕ್ಸಿ ನಿಲ್ಲಿಸಬೇಕು. ಮಾವ ಕೀ ತಿರುಗಿಸಿ, ಕಣ್ಣು ಮುಚ್ಚಿ, ಬಲಗಿವಿಯನ್ನು ಡ್ಯಾಶ್‌ಬೋರ್ಡಿಗೆ ಒಡ್ಡುತ್ತಾರೆ. ನೋಡಿದವರು ಲಿಂಗಪೂಜೆಗೆ ಕೂತಿದ್ದಾರೆ ಅಂದುಕೊಳ್ಳಬೇಕು! ಒಂದು ಸಲ ಅತ್ತೆ ಸೀನಿದರು.

"ಟಿಕ್ ಅಂತಿತ್ತೋ ಏನೋ, ನೀನು ಸೀನಿಬುಟ್ಟೆ!"

"ಸೀನೋಕೂ ಈ ಜೀಪಿನ ಹಂಗೆ ಆರ್.ಟಿ.ಓ. ಹತ್ರ ಎಫ್.ಸಿ. ಮಾಡಿಸ್ಕೊಂಡು ಬರ್ಲಾ?" ಎಂದರು ಅತ್ತೆ.

ಎರಡು ವರ್ಷದಲ್ಲಿ ಐದು ರಿಲೇ ಬದಲಾದವು. ಆದರೂ ಟಿಕ್ ಇಲ್ಲ ಎಂದೇ ಮಾವನ ವರದಿ. ಚಳಿಗೆ ಇಂಜಿನ್ ಮುದುಡಿದೆ ಎಂದು ಅತ್ತೆಯ ಮಂಡಿನೋವಿಗೆ ತಂದಿದ್ದ ಬಿಸಿನೀರಿನ ಚೀಲವನ್ನು ಮಾವ ಬಾನೆಟ್ಟಿನೊಳಗೆ ಇಟ್ಟರು. ಇಂಜಿನ್ ಏಳಲಿಲ್ಲ, ಅತ್ತೆಯೂ ಅವತ್ತು ಮಂಚದಿಂದ ಏಳಲಿಲ್ಲ.

ಕುಣಿಗಲ್ಲಿನ ಮದುವೆಯಲ್ಲಂತೂ ಉರುಳುತ್ತ ಸ್ಟಾರ್ಟ್ ಆಗಲಿ ಎಂದು ಮಾವ ಇಳಿಜಾರು ಹುಡುಕಿಕೊಂಡು ಛತ್ರದಿಂದ ಒಂದು ಕಿಲೋಮೀಟರ್ ಆಚೆ ಜೀಪು ನಿಲ್ಲಿಸಿದರು. ಮಾರನೇ ಬೆಳಗ್ಗೆ ಹೊರಟಾಗ ಇಳಿಜಾರು ಮುಗಿಯಿತು, ಜೀಪು ಶುರುವಾಗಲಿಲ್ಲ. ರೇಷ್ಮೆ ಪಂಚೆಯವರು, ಜರಿ ಸೀರೆಯವರು, ನಿದ್ದೆಗೆಟ್ಟ ಮದುಮಗ, ಎಲ್ಲರೂ ಬಂದು ನೂಕಿದರು. ಅವತ್ತು ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ಮುಂದಿನ ಗುರುವಾರ ತುಮಕೂರಿಗೆ ಎಫ್.ಸಿ. ಮಾಡಿಸೋಕೆ ಹೋಗ್ಬೇಕಲ್ಲ, ಅವತ್ತು ತಾನಾಗಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೆ ಕೊಟ್ಬುಡಿ." ಮಾವ ಹಣೆಯ ವಿಭೂತಿ ಮುಟ್ಟಿ ಆಗಲಿ ಎಂದರು.

ಅಂದುಬಿಟ್ಟರೇನೋ ಸರಿ, ಊಟ ಸೇರಲಿಲ್ಲ. ರಿಟೈರಾದ ಮೇಲೆ ಅವರನ್ನು ದಿನಾ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಈ ಏಳದ ಜೀಪೇ. ಅದೂ ಹೋದರೆ ಅವರು ಯಾತಕ್ಕೆ ಎದ್ದಾರು?

ನನಗೆ ತಡೆಯಲಾಗಲಿಲ್ಲ. ಬುಧವಾರ ರಜೆ ಹಾಕಿ, ತುಮಕೂರಿನಲ್ಲಿ ನನ್ನ ಮನೆಯಿರುವ ಬಟವಾಡಿಯಿಂದ ಒಬ್ಬ ಹಳೇ ಮೆಕ್ಯಾನಿಕ್‌ನನ್ನು ಗುಬ್ಬಿಗೆ ಕರೆದುಕೊಂಡು ಹೋದೆ. ಆತ ಕೀ ತಿರುಗಿಸಿದ.

ಟಿಕ್.

ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದಿನ ಮಾವನ ಮಾತು ನಂಬಿ ನಾನು ಕಿವಿಗೊಟ್ಟೇ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ನೋಡಿದ್ಯೇನ್ಲಾ? ಟಿಕ್ಕೇ ಇಲ್ಲ!"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಹೂಂ ಕಣ್ರೀ, ಇಲ್ಲ" ಎಂದರು.

ಮೆಕ್ಯಾನಿಕ್ ತಿಳಿದವನು, ಬಾನೆಟ್ಟಿನೊಳಗೆ ತಲೆ ಹಾಕಿದ. ಪ್ಲಗ್ಗುಗಳ ವೈರು ಬಿಚ್ಚಿ, ಬ್ಯಾಟರಿಯಿಂದ ಬಲ್ಬು ಕಟ್ಟಿದ ವೈರು ಎಳೆದು ಒಂದೊಂದಕ್ಕೇ ಮುಟ್ಟಿಸಿದ. ಎರಡಕ್ಕೆ ಬಲ್ಬು ಹತ್ತಿತು, ಎರಡಕ್ಕೆ ಹತ್ತಲಿಲ್ಲ. ಸುಟ್ಟುಹೋಗಿದ್ದವು ಅವೆರಡು. ಐದು ರಿಲೇ ಬದಲಾದ ಎರಡು ವರ್ಷದಲ್ಲಿ ಪ್ಲಗ್ಗನ್ನು ಯಾರೂ ಮುಟ್ಟಿಯೇ ಇರಲಿಲ್ಲ!

"ರಿಲೇ ಸರಿ ಇಲ್ದೆ ಪ್ಲಗ್ಗೂ ಸುಟ್ಟವೆ" ಎಂದು ಮಾವ ತೀರ್ಪು ಕೊಟ್ಟರು.

"ಇದ್ರೂ ಇರಬೋದು ಯಜಮಾನ್ರೇ" ಎಂದು ಮೆಕ್ಯಾನಿಕ್ ಹೊಸ ಪ್ಲಗ್ಗು ಕೂರಿಸಿದ.

ನಾನು ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ, "ಯಾವಾಗಿಂದ?"

"ಎರಡು ವರ್ಷ ಆಯ್ತು ಕಣೋ. ಮಾತು ಕೇಳುತ್ತೆ. ಸಣ್ಣಪುಟ್ಟ ಸದ್ದು ಕೇಳಲ್ಲ."

"ಅವರಿಗೆ ಹೇಳ್ಬಾರ್ದಾಗಿತ್ತಾ?"

"ಕಿವಿ ಇಟ್ಟು ಗಾಡಿ ರೋಗ ಹೇಳ್ತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗೋ ಮನುಷ್ಯ. ನಿಮ್ಮ ಕಿವೀನೇ ಹೋಗ್ಯದೆ ಅಂತ ನನ್ ಬಾಯಲ್ಲಿ ಹೆಂಗ್ ಹೇಳ್ಲಿ? ಜೀಪೇ ಇಲ್ದಿದ್ರೆ ಟಿಕ್ ಹುಡುಕೋದೂ ತಪ್ಪುತ್ತೆ ಅಂತ ಗುಜರಿಗೆ ಕೊಟ್ಬುಡಿ ಅಂದೆ."

ನನಗೆ ನಾಚಿಕೆಯಾಯಿತು. ಎರಡು ವರ್ಷ ನಾನು ಬರೀ ನಕ್ಕಿದ್ದೆ.

ಗುರುವಾರ ಬೆಳಗ್ಗೆ ಚಳಿ ಕೊರೆಯುತ್ತಿತ್ತು. ಅತ್ತೆ ಮುಂದೆ ಕೂತರು, ನಾನು ಹಿಂದೆ. ಮಾವ ಕೀ ತಿರುಗಿಸಿ ಕಣ್ಣು ಮುಚ್ಚಿದರು. ಗೇರಿನ ಮೇಲಿದ್ದ ಅವರ ಎಡಗೈ ಮೇಲೆ ಅತ್ತೆ ತಮ್ಮ ಕೈಯಿಟ್ಟರು. ಟಿಕ್ ಅಂದ ಕೂಡಲೇ ಬೆರಳಿನಿಂದ ಮೆಲ್ಲಗೆ ಒಂದು ಸಲ ತಟ್ಟಿದರು.

ಮಾವ ಕಣ್ಣು ಬಿಟ್ಟು ಆ ಬೆರಳನ್ನೇ ನೋಡಿದರು. ಸ್ಟಾರ್ಟ್ ಮಾಡಲಿಲ್ಲ. ಕೀ ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತಿರುಗಿಸಿದರು. ಅತ್ತೆ ಮತ್ತೆ ತಟ್ಟಿದರು. ಮಾವ ಇನ್ನೊಂದು ಸಲ ತಿರುಗಿಸಿದರು. ಅತ್ತೆ ಇನ್ನೊಂದು ಸಲ ತಟ್ಟಿದರು.

ಆಮೇಲೆ ಜೀಪು ಒಂದೇ ಏಟಿಗೆ ಎದ್ದಿತು. ಮಾವ ಹೊರಡಲಿಲ್ಲ, ಸ್ಟೇರಿಂಗ್ ನೋಡುತ್ತ ಕೂತಿದ್ದರು.

"ಎಫ್.ಸಿ. ಮುಗಿದ್ಮೇಲೆ ಬಟವಾಡೀಲಿ ಕಿವಿ ಡಾಕ್ಟ್ರಿಗೆ ತೋರಿಸ್ಕೊಂಡು ಬರಾನ" ಎಂದರು ಅತ್ತೆಗೆ. ಗೇರು ಹಾಕುತ್ತ, "ನೀನೂ ಒಳಗೆ ಬಾ. ಡಾಕ್ಟ್ರು ಹೇಳಿದ್ದನ್ನ ಯಾರಾದ್ರೂ ಕೇಳಿಸ್ಕೋಬೇಕಲ್ಲ" ಎಂದರು.